ಸಣ್ಣ ಪಂಖ

ಗುರುಲಿಂಗಪ್ಪನ ಅಡುಗೆಮನೆಯಲ್ಲಿ ಒಲೆ ಒಂದು ಮೂಲೆಗೆ ಸರಿದು ಎಷ್ಟೋ ಕಾಲವಾಗಿತ್ತು. ಉಳಿದ ಕಟ್ಟೆಯನ್ನೆಲ್ಲ ದೋಣಿ ಆಕ್ರಮಿಸಿಕೊಂಡಿತ್ತು. ಕೆಂಪು ಬಣ್ಣದ, ಎರಡು ಕೈ ಚಾಚಿ ಎತ್ತಬೇಕಾದಷ್ಟು ಉದ್ದದ ಆಟದ ದೋಣಿ. ಆಟದ್ದು ಅಂತ ಯಾರಾದರೂ ಅಂದರೆ ಸಾಕು, ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದರ ಹೊಟ್ಟೆಯಲ್ಲಿ ನಿಜವಾದ ಪೆಟ್ರೋಲ್ ಎಂಜಿನ್ ಇತ್ತು, ಬಾಲದಲ್ಲಿ ನಿಜವಾದ ಪಂಖ ತಿರುಗುತ್ತಿತ್ತು, ದಂಡೆಯಲ್ಲಿ ರಿಮೋಟ್ ಹಿಡಿದು ನಿಂತವನಿಗೆ ನಿಜವಾದ ಬೆವರು ಇಳಿಯುತ್ತಿತ್ತು. ಇನ್ನು ಆಟ ಎಲ್ಲಿಂದ ಬಂತು?

ಶನಿವಾರ ಸಂಜೆ ಅವನು ಎರಡು ಪಂಖಗಳನ್ನು ಎದುರಿಗಿಟ್ಟುಕೊಂಡು ಕುಳಿತಿದ್ದ. ನಾಶಿಕದಾಚೆ ದ್ರಾಕ್ಷಿ ತೋಟಗಳ ನಡುವೆ ನೀರು ತುಂಬಿದ ಹಳೆಯ ಕಲ್ಲಿನ ಕ್ವಾರಿಯೊಂದಿದೆ. ವರ್ಷಕ್ಕೊಮ್ಮೆ ಅಲ್ಲಿ ಇಂಥ ದೋಣಿಗಳ ಓಟ ನಡೆಯುತ್ತದೆ. ಓಟ ನಾಳೆ. ಯಾವ ಪಂಖ ಕಟ್ಟಬೇಕು ಅನ್ನುವುದು ಇವತ್ತು ತೀರ್ಮಾನವಾಗಬೇಕಿತ್ತು.

ಎರಡನ್ನೂ ಅವನೇ ಅರದಿಂದ ಉಜ್ಜಿ ಹದಗೊಳಿಸಿದ್ದ. ಅಚ್ಚಿನಿಂದ ಬಂದ ಕಂಚಿನ ಪಂಖ ಮೊಂಡಾಗಿರುತ್ತದೆ. ಅಂಚು ಚೂಪು ಮಾಡಬೇಕು, ಆಮೇಲೆ ಸೂಜಿಯಂಥ ಕಡ್ಡಿಗೆ ಪೋಣಿಸಿ, ಯಾವ ಅಲಗು ಭಾರವಾಗಿ ಕೆಳಗೆ ಬರುತ್ತದೋ ಅದನ್ನು ಇನ್ನಷ್ಟು ಉಜ್ಜಬೇಕು. ಎರಡು ಅಲಗುಗಳೂ ಸಮನಾಗಿ ನಿಂತರೆ ಪಂಖ ಸಿದ್ಧ. ಆದರೆ ದೊಡ್ಡದಕ್ಕೂ ಸಣ್ಣದಕ್ಕೂ ಅಜಗಜಾಂತರ. ದೊಡ್ಡದರ ಅಲಗು ಅಗಲ, ತಿರುವು ಹೆಚ್ಚು. ಒಂದೊಂದು ಸುತ್ತಿಗೂ ನೀರನ್ನು ಬಾಚಿ ಬಾಚಿ ಹಿಂದಕ್ಕೆಸೆದು ದೋಣಿಯನ್ನು ಹಾರಿಸಿಕೊಂಡು ಹೋಗುತ್ತದೆ. ಸಣ್ಣದು ಎಂಜಿನ್ನನ್ನು ಕಿರುಚಾಡಿಸುತ್ತದೆ, ದಾರಿ ಮಾತ್ರ ಸವೆಯುವುದಿಲ್ಲ.

ಹಾಗಾದರೆ ದೊಡ್ಡದನ್ನೇ ಕಟ್ಟಬೇಕಲ್ಲ? ಕಟ್ಟಬೇಕು, ಜೊತೆಗೆ ಇನ್ನೊಬ್ಬರಿದ್ದರೆ. ಈ ದೋಣಿಗಳಿಗೆ ಕ್ಲಚ್ ಇರುವುದಿಲ್ಲ. ಎಂಜಿನ್ ಶುರುವಾದರೆ ಪಂಖವೂ ಶುರು. ದೊಡ್ಡ ಪಂಖ ಕಟ್ಟಿ ಸುಮ್ಮನೆ ನೀರಿಗೆ ಬಿಟ್ಟರೆ ಎಂಜಿನ್ ಅಲ್ಲೇ ಉಸಿರುಗಟ್ಟಿ ನಿಲ್ಲುತ್ತದೆ. ಒಬ್ಬ ಮೊಣಕಾಲುದ್ದ ನೀರಿಗಿಳಿದು ದೋಣಿಯ ನಡು ಹಿಡಿದು ನಿಲ್ಲಬೇಕು. ದಂಡೆಯ ಮೇಲಿನವನು ಎಂಜಿನ್ನಿನ ವೇಗ ಏರಿಸಿದಂತೆಲ್ಲ ದೋಣಿ ಹಗ್ಗ ಜಗ್ಗುವ ಕರುವಿನ ಹಾಗೆ ಎಳೆಯುತ್ತದೆ. ಇನ್ನು ತಡೆಯಲಾಗದು ಅನ್ನುವ ಹೊತ್ತಿಗೆ ಮುಂದಕ್ಕೆ ನೂಕಿ ಬಿಡಬೇಕು. ಸಣ್ಣ ಪಂಖಕ್ಕೆ ಇದೊಂದೂ ಬೇಡ. ರಿಮೋಟನ್ನು ಕೊರಳಿಗೆ ಹಾಕಿಕೊಂಡು ಒಬ್ಬನೇ ಶುರು ಮಾಡಿ ಒಬ್ಬನೇ ನೀರಿಗಿಡಬಹುದು. ದಿಕ್ಕಿಲ್ಲದವನ ಪಂಖ ಅದು.

ಹಿಡಿಯುವ ಕೈ ಅಂದರೆ ಮಹಿಬೂಬ. ವಾಳೂಜಿನಲ್ಲಿ ವಾಹನಗಳ ಗೇರ್ ಮಾಡುವ ಕಾರ್ಖಾನೆಯಲ್ಲಿ ಗುರುಲಿಂಗಪ್ಪ ತಪಾಸಣೆಯ ಮೇಜಿನಲ್ಲಿದ್ದ, ಮಹಿಬೂಬ ಉಕ್ಕು ಕಾಯಿಸುವ ಭಟ್ಟಿಯ ಮುಂದಿದ್ದ. ಇವನು ಭಾಲ್ಕಿಯವನು, ಅವನು ಆಳಂದದವನು. ತಲೆಗೂದಲು ಕಪ್ಪಿದ್ದಾಗ ಶುರುವಾದ ಜೋಡಿ ಬೆಳ್ಳಗಾಗುವವರೆಗೂ ನಡೆಯಿತು. ಆಮೇಲೆ ಇಬ್ಬರೂ ನಿವೃತ್ತರಾದರು; ಗುರುಲಿಂಗಪ್ಪ ವಾಳೂಜಿನಲ್ಲೇ ಉಳಿದ, ಮಹಿಬೂಬ ಮಾಲೇಗಾಂವಿಗೆ ಮಗಳ ಮನೆಗೆ ಹೋದ. ಅಳಿಯನದು ಅಲ್ಲಿ ವಿದ್ಯುತ್ ಮಗ್ಗಗಳ ಶೆಡ್ಡು. ಮಾವ ಸುಮ್ಮನೆ ಕೂರುವ ಬದಲು ಮಗ್ಗ ನೋಡಿಕೊಳ್ಳಲಿ ಅಂತ ಕರೆಸಿಕೊಂಡಿದ್ದ.

ಅವನು ಹೋದಮೇಲೆ ಗುರುಲಿಂಗಪ್ಪನಿಗೆ ಕನ್ನಡ ಮಾತಾಡಲು ಒಂದು ಜೀವವೂ ಉಳಿಯಲಿಲ್ಲ. ಹೆಂಡತಿ ಕಾಶಿಬಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹಾಲಿನವನ ಹತ್ತಿರ ಮರಾಠಿ, ಬ್ಯಾಂಕಿನವರ ಹತ್ತಿರ ಹಿಂದಿ. ಕನ್ನಡವೆಲ್ಲ ದೋಣಿಯ ಪಾಲಿಗೆ, ಅದೂ ಬೈಯುವುದಕ್ಕೆ. ಬೈದು ಮುಗಿದ ಮೇಲೆ ಮನೆ ಎಷ್ಟು ನಿಶ್ಶಬ್ದವಾಗುತ್ತಿತ್ತೆಂದರೆ, ನಲ್ಲಿಯ ಹನಿ ಬೀಳುವುದನ್ನೂ ಅವನು ಕಿವಿಗೊಟ್ಟು ಕೇಳುತ್ತಿದ್ದ. ಒಂಟಿತನ ಅವನನ್ನು ನಿಜವಾಗಿ ಹಿಂಡುತ್ತಿದ್ದದ್ದು ಆಗ.

ಹೋದ ವರ್ಷ ಮಹಿಬೂಬ ಬರುತ್ತೇನೆಂದು ಹೇಳಿ ಕೈಕೊಟ್ಟಿದ್ದ. ದೊಡ್ಡ ಪಂಖ ಕಟ್ಟಿಕೊಂಡು ಹೋದ ಗುರುಲಿಂಗಪ್ಪ ಬಸ್ ಬರುವ ದಾರಿಯನ್ನೇ ನೋಡುತ್ತ ನಿಂತಿದ್ದ. ಕೊನೆಗೆ ಓಟ ನಡೆಸುವ ರವಿಕಾಂತನೇ ನೀರಿಗಿಳಿದು ದೋಣಿ ಹಿಡಿದ. ಒಳ್ಳೆಯ ಮನುಷ್ಯ, ಆದರೆ ಕೈಗೆ ಅಭ್ಯಾಸವಿಲ್ಲ; ಎಳೆತಕ್ಕೆ ಬೆದರಿ ಅಡ್ಡಕ್ಕೆ ಬಿಟ್ಟುಬಿಟ್ಟ. ದೋಣಿ ನೆಟ್ಟಗೆ ಕ್ವಾರಿಯ ಬಂಡೆಗೆ ಬಡಿಯಿತು. ಅದರ ಮೂತಿ ರಿಪೇರಿಯಾಗಲು ಮಳೆಗಾಲವೇ ಬೇಕಾಯಿತು. ಮಹಿಬೂಬ ಮಾತ್ರ ಯಾಕೆ ಬರಲಿಲ್ಲ ಅಂತ ಒಂದು ಮಾತು ಹೇಳಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಎತ್ತಿದರೂ ಇವನು ಕೇಳಿದ್ದೊಂದು, ಅವನು ಹೇಳಿದ್ದೊಂದು.

ಈ ವಾರವೂ ಹಾಗೇ ಆಯಿತು. ಹಲವು ಸಲ ಮಾಡಿದ ಮೇಲೆ ಫೋನ್ ಎತ್ತಿದ ಮಹಿಬೂಬ, "ಐತಾರ ಬರ್ತೀನಿ! ದೊಡ್ಡದು ಹಾಕು!" ಎಂದು ಕೂಗಿದ.

"ಖರೇನೇ ಬರ್ತೀ? ಹೋದ ವರ್ಸದಾಂಗ ಮಾಡ್ಬ್ಯಾಡ ನೋಡು," ಎಂದ ಗುರುಲಿಂಗಪ್ಪ.

"ಹಾಂ, ಹಾಂ, ಎಲ್ಲಾರೂ ಆರಾಮ ಅದೀವಿ!" ಎಂದು ಮಹಿಬೂಬ ಫೋನಿಟ್ಟುಬಿಟ್ಟ.

ಹಂಗಿಸುತ್ತಿದ್ದಾನೆ, ಮಗಳ ಮನೆಯ ಸುಖದಲ್ಲಿ ನನ್ನ ಗೊಡವೆ ಅವನಿಗೆ ಯಾಕೆ ಎಂದು ಗುರುಲಿಂಗಪ್ಪನ ಮೂಗಿನ ತುದಿಗೆ ಸಿಟ್ಟು ಬಂತು. ಈಗ ಆ ಸಿಟ್ಟೇ ತೀರ್ಮಾನ ಮಾಡಿತು. ಸಣ್ಣ ಪಂಖವನ್ನು ದೋಣಿಗೆ ಬಿಗಿದ. ದೊಡ್ಡದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ, ಮತ್ತೆ ತೆಗೆದ. ಜೊತೆಗಿದ್ದರೆ ಆಸೆ ಹುಟ್ಟುತ್ತದೆ, ಆಸೆ ಹುಟ್ಟಿದರೆ ಹೋದ ವರ್ಷದ ಹಾಗೆ ದಾರಿ ಕಾಯಬೇಕಾಗುತ್ತದೆ. ದೊಡ್ಡದನ್ನು ಒಲೆಯ ಪಕ್ಕದಲ್ಲೇ ಬಿಟ್ಟು ದೀಪ ಆರಿಸಿದ.

ಬೆಳಗಿನ ಎಸ್‌ಟಿ ಬಸ್ಸಿನಲ್ಲಿ ದೋಣಿಯ ಚೀಲವನ್ನು ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡು ಕುಳಿತ. ಯೇವಲಾದಲ್ಲಿ ಪೈಠಣಿ ಸೀರೆಯ ಗಂಟು ಹಿಡಿದ ಹೆಂಗಸೊಬ್ಬಳು ಪಕ್ಕದಲ್ಲಿ ಬಂದು ಕುಳಿತು, ಚೀಲದಲ್ಲೇನು ಅಂತ ಮರಾಠಿಯಲ್ಲಿ ಕೇಳಿದಳು. ದೋಣಿ ಎಂದ. ಅವಳು ಇವನ ಮುಖವನ್ನೊಮ್ಮೆ ನೋಡಿ ಗಂಟನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು. ನಾಶಿಕದವರೆಗೆ ಅವನ ಜೊತೆ ಯಾರೂ ಮಾತಾಡಲಿಲ್ಲ.

ಕ್ವಾರಿಯಲ್ಲಿ ಜಾತ್ರೆಯಷ್ಟಲ್ಲದಿದ್ದರೂ ಜನ ಸೇರಿದ್ದರು. ಹೆಚ್ಚಿನವು ಬ್ಯಾಟರಿ ದೋಣಿಗಳು, ಸದ್ದಿಲ್ಲ, ವಾಸನೆಯಿಲ್ಲ. ಪೆಟ್ರೋಲಿನವು ಬೆರಳೆಣಿಕೆಯಷ್ಟು, ಅವಕ್ಕೆಲ್ಲ ಇಬ್ಬಿಬ್ಬರು. ಒಂದೊಂದೇ ದೋಣಿ ಗಡಿಯಾರದ ಎದುರು ಮೂರು ಸುತ್ತು ಹಾಕಬೇಕು. ರವಿಕಾಂತ ಬಂದು, "ಕಾಕಾ, ಮೀ ಧರೂ ಕಾ?" ಎಂದು, ಈ ಸಲವೂ ತಾನೇ ಹಿಡಿಯಲೇ ಎಂದು ಸಂಕೋಚದಿಂದಲೇ ಕೇಳಿದ. ಗುರುಲಿಂಗಪ್ಪ ಬೇಡವೆಂದು ಕೈಯಾಡಿಸಿ, ರಿಮೋಟನ್ನು ಕೊರಳಿಗೆ ಹಾಕಿಕೊಂಡು ನೀರಿನತ್ತ ನಡೆದ. ಮುಂದಿನ ಸರದಿ ಅವನದೇ ಇತ್ತು.

"ಏ ಗುರುಲಿಂಗಾ! ತಡೀ!"

ತೋಟದ ಬೇಲಿಯ ಹತ್ತಿರ ಬಿಳಿ ಟೋಪಿ ಕಾಣಿಸಿತು. ಮಹಿಬೂಬ ಕೋಲೂರಿಕೊಂಡು, ಒಂದು ಕಾಲನ್ನು ಎಳೆದುಹಾಕುತ್ತ ಇಳಿಜಾರಿನಲ್ಲಿ ಬರುತ್ತಿದ್ದ. ಗುರುಲಿಂಗಪ್ಪನಿಗೆ ಸಂತೋಷವೇನೋ ಆಯಿತು, ಆದರೆ ಅದಕ್ಕಿಂತ ಮೊದಲು ಒಲೆಯ ಪಕ್ಕದ ಬಟ್ಟೆಯ ಗಂಟು ಕಣ್ಣ ಮುಂದೆ ಬಂತು.

"ಮಾಲೇಗಾಂವಿಂದ ಬಸ್ಸಿನಾಗ ನಿಂತೇ ಬಂದೀನಿ," ಎಂದು ಏದುಸಿರಲ್ಲೇ ನಗುತ್ತ ಮಹಿಬೂಬ ಜೋರಾಗಿ ಕೂಗಿದ. "ಹೋದ ವರ್ಸ ಮೊಣಕಾಲ್ ಆಪರೇಶನ್ ಮಾಡಿ ಮಲಗಿಸಿಬಿಟ್ಟಿದ್ರು. ಹೇಳಬೇಕಂದ್ರ ಫೋನಿನಾಗ ನೀ ಏನ್ ಕೇಳ್ತೀ ಅಂತ ಒಂದೂ ಕೇಳ್ಸಲ್ದು. ಮಗ್ಗದ ಸದ್ದಿನಾಗ ಎರಡೂ ಕಿವಿ ಹೋದ್ವು ನೋಡಪಾ."

"ಕಾಲ್ ಹಿಂಗಿದ್ದಾಗ ಯಾಕ ಬಂದೀ?"

"ಏನಂದಿ?"

"ಯಾಕ ಬಂದೀ ಅಂದೆ!"

"ನೀ ದೊಡ್ಡದು ಹಾಕಿ ಒಬ್ಬಾಂವ ನಿಂತಿರ್ತೀ ಅಂತ ಬಂದೆ. ಮತ್ತ್ಯಾರ್ ಹಿಡೀತಾರ ಅದನ್ನ?" ಎನ್ನುತ್ತ ಅವನು ಚೀಲದಿಂದ ಭಟ್ಟಿಯ ಕಾಲದ ದಪ್ಪ ಕೈಗವಸುಗಳನ್ನು ತೆಗೆದು ಹಾಕಿಕೊಂಡ. "ಕಿವಿ ಹೋದ್ರೇನು, ಕೈಗೆ ಗೊತ್ತಾಗ್ತದ. ಎಳೀಲತ್ತಿತು ಅಂದ್ರ ಬಿಟ್ಟುಬಿಡ್ತೀನಿ."

ಸಣ್ಣ ಪಂಖ ಕಟ್ಟಿದ್ದನ್ನು ಗುರುಲಿಂಗಪ್ಪ ಆಗಲೇ ಹೇಳಬೇಕಿತ್ತು. ರವಿಕಾಂತ ಸೀಟಿ ಊದಿ ಅವನ ಹೆಸರು ಕೂಗಿದ. ಮಹಿಬೂಬ ಕೋಲನ್ನು ದಂಡೆಯಲ್ಲಿ ಬಿಸಾಕಿ, ಪೈಜಾಮ ಮೇಲೆತ್ತಿಕೊಂಡು, ಹಲ್ಲು ಕಚ್ಚಿ ನೀರಿಗಿಳಿದ. ಗುರುಲಿಂಗಪ್ಪ ಎಂಜಿನ್ ಶುರು ಮಾಡಿ ದೋಣಿಯನ್ನು ಅವನ ಕೈಗೆ ಕೊಟ್ಟು ದಂಡೆಗೆ ಬಂದ. ಮಹಿಬೂಬ ಹಳೆಯ ಗತ್ತಿನಲ್ಲೇ ಸೊಂಟ ಬಗ್ಗಿಸಿ, ನೋಯುವ ಕಾಲನ್ನು ಹಿಂದಕ್ಕೂರಿ, ದೋಣಿಯ ನಡುವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಎಳೆತಕ್ಕಾಗಿ ಕಾದ.

ಗುರುಲಿಂಗಪ್ಪ ಎಂಜಿನ್ ಏರಿಸಿದ. ಅದು ಕಿರುಚತೊಡಗಿತು. ಮಹಿಬೂಬ ಬಿಡಲಿಲ್ಲ.

"ಏರ್ಸೋ!" ಎಂದ.

"ಏರ್ಸೀನಿ!"

"ಪೂರಾ ಏರ್ಸು! ಇನ್ನಾ ಎಳೀವಲ್ದು!"

ಪೂರ್ತಿ ಏರಿಸಿದ. ಕ್ವಾರಿಯ ಗೋಡೆಗಳೆಲ್ಲ ಆ ಕಿರುಚಾಟದಿಂದ ತುಂಬಿಹೋದವು. ಕೈಗವಸಿನೊಳಗಿನ ಆ ಕೈಗಳು ಬರಲಾರದ ಎಳೆತವನ್ನು ಕಾಯುತ್ತಲೇ ಇದ್ದವು. ಅದನ್ನು ನೋಡಲಾಗದೆ ಗುರುಲಿಂಗಪ್ಪ ಎಂಜಿನ್ನನ್ನು ಇಳಿಸಿದ. ಮಹಿಬೂಬ ಬಗ್ಗಿದ್ದಲ್ಲಿಂದಲೇ ಕತ್ತು ತಿರುಗಿಸಿದ.

"ಯಾವುದು ಹಾಕೀದಿ?"

"ಸಣ್ಣದು."

"ಏನು?"

"ಸಣ್ಣದು!"

"ದೊಡ್ಡದೆಲ್ಲಿ ಅದ?"

"ಮನ್ಯಾಗ ಬಿಟ್ಟೀನಿ!"

"ಯಾಕ?"

ಮುರಿದಿದೆ ಅನ್ನಬಹುದಿತ್ತು. ತುಟಿಯವರೆಗೂ ಬಂತು. ಆದರೆ ನಿಂತು ಬಂದ ಮನುಷ್ಯ, ನೀರಿನಲ್ಲಿ ನಡುಗುತ್ತಿರುವ ಆ ಕಾಲು. "ನೀ ಬರಂಗಿಲ್ಲ ಅಂತ," ಎಂದ ಗುರುಲಿಂಗಪ್ಪ, ಮೆಲ್ಲಗೆ.

"ಕೇಳ್ಸಲ್ದೋ! ಜೋರಾಗಿ ಹೇಳು!"

"ನೀ ಬರಂಗಿಲ್ಲ ಅನಕೊಂಡಿದ್ನೋ!" ಎಂದು ಅವನು ಗಂಟಲು ಹರಿಯುವ ಹಾಗೆ ಕೂಗಿದ. ದಂಡೆಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಎದುರಿನ ಬಂಡೆ ಆ ಮಾತನ್ನು ಇನ್ನೊಮ್ಮೆ ಹೇಳಿತು. ಅಷ್ಟು ಜನರಲ್ಲಿ ಅದು ಅರ್ಥವಾದದ್ದು ಒಬ್ಬನಿಗೆ ಮಾತ್ರ, ಅವನಿಗೆ ಈ ಸಲ ಪೂರ್ತಿ ಕೇಳಿಸಿತ್ತು.

ಮಹಿಬೂಬ ಬೈಯಲಿಲ್ಲ. ಬೈದಿದ್ದರೆ ಗುರುಲಿಂಗಪ್ಪನ ಜೀವಕ್ಕೆ ಎಷ್ಟೋ ಹಗುರಾಗುತ್ತಿತ್ತು. "ಹೌದೇನು," ಎಂದಷ್ಟೇ ಅಂದು ಅವನು ಮುಖವನ್ನು ನೀರಿನ ಕಡೆಗೆ ತಿರುಗಿಸಿಕೊಂಡ. ಮತ್ತೆ ಕಾಲೂರಿದ, ಮತ್ತೆ ಸೊಂಟ ಬಗ್ಗಿಸಿದ. "ಏರ್ಸು," ಎಂದ.

ಗುರುಲಿಂಗಪ್ಪ ಏರಿಸಿದ. ದೊಡ್ಡ ಪಂಖಕ್ಕೆ ಹೇಗೆ ನೂಕಬೇಕೋ ಹಾಗೆಯೇ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಮಹಿಬೂಬ ದೋಣಿಯನ್ನು ನೂಕಿದ. ಆ ಭರಕ್ಕೆ ತಾನೂ ಮುಗ್ಗರಿಸಿ ಎದೆಯವರೆಗೆ ನೀರಿಗೆ ಹೋದ. ಅಷ್ಟು ನೂಕುವ ಅಗತ್ಯ ಆ ದೋಣಿಗೆ ಇರಲೇ ಇಲ್ಲ. ಅದು ತನ್ನ ಪಾಡಿಗೆ ಕಿರುಚುತ್ತ, ನಿಧಾನವಾಗಿ ಹೊರಟಿತು. ಗುರುಲಿಂಗಪ್ಪ ರಿಮೋಟನ್ನು ಕೊರಳಿಂದ ತೆಗೆದು ಕಲ್ಲಿನ ಮೇಲಿಟ್ಟು, ಚಪ್ಪಲಿ ಸಮೇತ ನೀರಿಗಿಳಿದು ಹೋಗಿ ಅವನ ತೋಳು ಹಿಡಿದ.