ಕಮಲಾಕ್ಷಮ್ಮ ಬರೆದ ಮುಖಗಳು

ಮಧುಗಿರಿ ಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಅಡವಯ್ಯನವರು ತೀರಿಕೊಂಡು ವರ್ಷ ತುಂಬಿದ ದಿನ, ಅವರ ಮಗ ರೇಣುಕಯ್ಯ ನಂಟರಿಷ್ಟರನ್ನೆಲ್ಲ ಸೇರಿಸಿದ್ದ. ಊಟಕ್ಕೆ ಮೊದಲು, ಬೆಂಗಳೂರಿನಿಂದ ಕರೆಸಿದ್ದ ಚಿತ್ರಗಾರ ಜಯರಾಮಯ್ಯ ಮೂರಡಿ ಪಟವೊಂದರ ಮೇಲಿನ ಬಟ್ಟೆ ಸರಿಸಿದ. ಜರಿಪೇಟ, ಕರಿಕೋಟು, ತುಂಬಿದ ಕೆನ್ನೆ, ಕರುಣೆ ಸುರಿಯುವ ಕಣ್ಣು. ಎಲ್ಲರೂ ತಲೆದೂಗಿದರು.

“ಎದ್ ಬಂದು ಮಾತಾಡೋ ಹಂಗವ್ರೆ” ಎಂದ ಒಬ್ಬ. ಅಡವಯ್ಯ ಬದುಕಿದ್ದಾಗ ನಿಜವಾಗಿ ಎದ್ದು ಬಂದು ಮಾತಾಡಿದರೆ ಪಕ್ಕದ ಓಣಿಗೆ ನುಗ್ಗುತ್ತಿದ್ದವನು ಇವನೇ.

ಅಡವಯ್ಯನವರ ಹೆಂಡತಿ ಕಮಲಾಕ್ಷಮ್ಮ ನಡುಮನೆಯ ಬಾಗಿಲಲ್ಲಿ ನಿಂತು ಪಟವನ್ನು ಮೇಲಿಂದ ಕೆಳಕ್ಕೆ ನೋಡಿದರು. ಅವರಿಗೆ ಆಗ ಐವತ್ತೆಂಟು.

“ಇದ್ಯಾರಪ್ಪ?” ಎಂದರು.

“ಅಪ್ಪಾರು ಕಣವ್ವ” ಎಂದ ರೇಣುಕಯ್ಯ.

“ನಿಮ್ಮಪ್ಪನಾ? ನಲವತ್ತೊಂದು ವರ್ಸ ಒಂದೇ ಮನೇಲಿದ್ದೆ. ಈ ಮಹಾನುಭಾವರನ್ನ ಒಂದ್ ದಿನಾನೂ ಕಂಡಿಲ್ಲ.”

ಕಾಣುವುದಾದರೂ ಹೇಗೆ? ಫೋಟೋ ತೆಗೆಸಿದರೆ ಆಯುಸ್ಸು ಕಮ್ಮಿಯಾಗುತ್ತದೆಂದು ನಂಬಿದ್ದ ಅಡವಯ್ಯ ಒಂದೂ ಫೋಟೋ ಬಿಟ್ಟುಹೋಗಿರಲಿಲ್ಲ. ಜಯರಾಮಯ್ಯನೋ ಪೇಟ, ಕೋಟು, ಕುರ್ಚಿಗಳನ್ನು ಮೊದಲೇ ಬರೆದಿಟ್ಟುಕೊಂಡು ಊರೂರು ತಿರುಗುವವನು. ಸಾವಾದ ಮನೆಯಲ್ಲಿ ಮೀಸೆ ಎಷ್ಟುದ್ದ ಇತ್ತು ಎಂದು ಕೇಳಿ, ಕೋಟಿನ ಮೇಲೊಂದು ಮುಖ ತುಂಬಿಸಿ ಹೊರಡುತ್ತಿದ್ದ. ಶಿರಾದ ಸಾಹುಕಾರರಿಗೂ ಪಾವಗಡದ ಪಟೇಲರಿಗೂ ಅವನ ದಯದಿಂದ ಒಂದೇ ಕೆನ್ನೆ.

“ಚಿತ್ರ ಅನ್ನೋದು ರಾಗಿ ಬೀಸಿದ ಹಾಗಲ್ಲ ಅಮ್ಮಾವ್ರೆ. ಸರಿಯಿಲ್ಲ ಅಂದ್ರೆ ತಾವೇ ಬರೀಬಹುದು” ಎಂದ ಜಯರಾಮಯ್ಯ, ನಗುತ್ತಲೇ.

“ರಾಗಿ ಬೀಸೋದೂ ನಿಂಗೆ ಗೊತ್ತಿಲ್ಲ ಬುಡಪ್ಪ. ನಾನೇ ಬರೀತೀನಿ.”

ಸೇರಿದವರು ನಕ್ಕರು. ರೇಣುಕಯ್ಯ ನಗಲಿಲ್ಲ. ಅವ್ವ ಹೇಳಿದ್ದನ್ನು ಮಾಡುವವಳು ಎಂಬುದು ಅವನಿಗೆ ಗೊತ್ತಿತ್ತು.

ಮರುದಿನವೇ ಕಮಲಾಕ್ಷಮ್ಮ ಮಂಡಿಯ ಹಳೇ ಪೆಟ್ಟಿಗೆಗಳ ಹಲಗೆ ಕೀಳಿಸಿ ಹಿತ್ತಲಿಗೆ ತರಿಸಿದರು. ಹಲಗೆಗೆ ಸುಣ್ಣ ಬಳಿದರು. ಬೆಟ್ಟದ ತಪ್ಪಲಿನ ಕೆಮ್ಮಣ್ಣು, ಬಾಣಲೆಯ ಮಸಿ, ಅರಿಶಿನ, ಅಗಸರ ನೀಲಿ ಇವೆಲ್ಲ ಬೇವಿನ ಅಂಟಿನಲ್ಲಿ ಕಲೆತು ಬಣ್ಣವಾದವು. ಈಚಲ ಕಡ್ಡಿಯ ತುದಿಯನ್ನು ಕಲ್ಲಿನಿಂದ ಜಜ್ಜಿ ಕುಂಚ ಮಾಡಿಕೊಂಡರು. ಮೂರು ದಿನ ಕೂತು ಬರೆದಾಗ ಹಲಗೆಯ ಮೇಲೆ ಮೂಡಿದ್ದು ಮೀಸೆ ಹೊತ್ತ ಕುಂಬಳಕಾಯಿ.

ತಾವು ಮಾಡಿದ್ದೆಂದು ಕರುಣೆ ತೋರಿಸುವ ಜಾಯಮಾನ ಅವರದಲ್ಲ. “ಥೂ ನಿನ್ನ” ಎಂದು ಅದರ ಮೇಲೆ ಮತ್ತೆ ಸುಣ್ಣ ಬಳಿದರು.

ಅವರನ್ನು ಕುಟುಕಿದ್ದು ಬೇರೆಯೇ ಸಂಗತಿ. ನಲವತ್ತೊಂದು ವರ್ಷ ಒಬ್ಬ ಮನುಷ್ಯನಿಗೆ ಬಡಿಸಿ, ಅವನ ಬೈಗುಳ ಕೇಳಿ, ಮನಸ್ಸಿನಲ್ಲೇ ಅವನನ್ನು ಬೈದು ಬಾಳಿದ್ದಾಗಿತ್ತು. ಅವನ ಕಿವಿ ಕೆನ್ನೆಗೆ ಎಲ್ಲಿ ಸೇರುತ್ತದೆಂಬುದು ಮಾತ್ರ ಗೊತ್ತಿರಲಿಲ್ಲ. ತಲೆಯೆತ್ತಿ ನೋಡಿದ್ದರಲ್ಲವೇ ಗೊತ್ತಾಗುವುದು? ಅಂದಿನಿಂದ ಮನೆಗೆ ಬಂದವರ ಮುಖವನ್ನೆಲ್ಲ ದುರುಗುಟ್ಟಿ ನೋಡತೊಡಗಿದರು. ಹಾಲಿನವಳು ಹೆದರಿದಳು. ಸೊಸೆ ಇಂದ್ರಮ್ಮ, “ಅತ್ತೆಗೆ ಏನೋ ಬಡಿದೈತೆ” ಎಂದು ತವರಿಗೆ ಹೇಳಿ ಕಳಿಸಿದಳು. ಪೇಟೆಯ ಜನಕ್ಕಂತೂ ಹಬ್ಬ. ಜಪ ಮಾಡುವ ವಯಸ್ಸಿನಲ್ಲಿ ಮಸಿ ಬಳಿದುಕೊಂಡು ಕೂತಿದ್ದಾಳಂತೆ ಎಂದು ಜಗಲಿ ಜಗಲಿಯಲ್ಲೂ ಮಾತು. ಆ ಜಗಲಿಗಳ ಮೇಲೆ ಜಪ ಮಾಡುತ್ತಿದ್ದವರನ್ನು ಕಮಲಾಕ್ಷಮ್ಮ ಒಬ್ಬರನ್ನೂ ಕಂಡಿರಲಿಲ್ಲ.

ಹತ್ತು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹಲಗೆಯ ಮೇಲೆ ಅಡವಯ್ಯ ಬಂದರು. ಎಡಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಕೆಳತುಟಿ ಬಿಗಿದಿತ್ತು. ಒಗ್ಗರಣೆಗೆ ಎಣ್ಣೆ ಜಾಸ್ತಿಯಾಯಿತೆಂದು ಇನ್ನೇನು ಬಾಯಿ ಬಿಡಬೇಕು, ಅಷ್ಟೆ. ಕಮಲಾಕ್ಷಮ್ಮ ಕುಂಚ ಕೆಳಗಿಟ್ಟು ಅವರನ್ನು ನೋಡುತ್ತ ಕೂತರು. ಬೈಯಬೇಕೆಂದು ಒಳಗೆ ಕೂಡಿಟ್ಟಿದ್ದದ್ದನ್ನು ಹುಡುಕಿದರು. ಆ ಹತ್ತು ತಿಂಗಳಲ್ಲಿ ಗೆರೆ ಗೆರೆಗೂ ಬೈದು ಬೈದು ಅದು ಖರ್ಚಾಗಿಹೋಗಿತ್ತು. ಎದೆ ಗುಡಿಸಿದ ಕಣದ ಹಾಗೆ ಬರಿದಾಗಿ, ಹಗುರಾಗಿತ್ತು. ಅವತ್ತು ಅವರು ಎರಡು ಮುದ್ದೆ ಉಂಡರು.

ಹಲಗೆಯನ್ನು ತಾವೇ ಒಯ್ದು ಮಂಡಿಯ ಗೋಡೆಗೆ ಒರಗಿಸಿದರು. ಮೂಟೆ ಹೊರುವ ಬೋರಪ್ಪ ಒಳಗೆ ಬಂದವನು ಅದನ್ನು ಕಂಡ ಕೂಡಲೇ ತಲೆಯ ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡು ಸರಿದು ನಿಂತ. ಅದಾಗಿ ತಾನು ಮಾಡಿದ್ದೇನೆಂದು ತಿಳಿದು ಪೆಚ್ಚಾದ. ಕಮಲಾಕ್ಷಮ್ಮನಿಗೆ ಅಷ್ಟು ಸಾಕಾಯಿತು.

ಸಂಜೆ ರೇಣುಕಯ್ಯ ಹಲಗೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಮನೆಗೆ ತಂದ.

“ಬಂದೋರೆಲ್ಲ ಗಾಬ್ರಿ ಬೀಳ್ತಾರೆ ಕಣವ್ವ. ಯಾಪಾರದ ಜಾಗ ಅದು. ಒಂಚೂರು ನಗುನಾದ್ರೂ ಹಾಕ್ಬಾರ್ದಿತ್ತಾ?”

“ನಿಮ್ಮಪ್ಪ ನಗ್ದೆ ಇದ್ದದ್ದು ನನ್ ತಪ್ಪೇನ್ಲಾ? ಆ ಜರಿಪೇಟದೋನ್ನೇ ಇಟ್ಕೊ. ಗಿರಾಕಿಗೂ ನಿಂಗೂ ಅವನೇ ಸರಿ.”

ಹಲಗೆ ಅಟ್ಟ ಸೇರಿತು. ಕಮಲಾಕ್ಷಮ್ಮ ಇನ್ನೊಂದಕ್ಕೆ ಸುಣ್ಣ ಬಳಿದರು.

ಬೋರಪ್ಪನ ಬಾಯಿ ಸುಮ್ಮನಿರಲಿಲ್ಲ. ಮುಂದಿನ ಸೋಮವಾರ ತೋವಿನಕೆರೆಯಿಂದ ಅವನ ಅಕ್ಕ ಕಾಟಮ್ಮ ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. ಹಣ್ಣಾದ ಮುದುಕಿ. ಇಪ್ಪತ್ತೈದು ವರ್ಷದ ಹಿಂದೆ ಪ್ಲೇಗಿನಲ್ಲಿ, ಊರಾಚೆಯ ಗುಡಿಸಲಲ್ಲಿ, ಅವಳ ಎಂಟು ವರ್ಷದ ಮಗಳು ಹೋಗಿದ್ದಳು.

“ಅದ್ರ ಮೊಖ ಮರ್ತೋಯ್ತಾ ಐತೆ ಕಣ್ರವ್ವ. ಒಂದ್ ಕಿತ ಬರ್ಕೊಡಿ” ಎಂದಳು.

“ಹೆತ್ತ ಮಗಳ ಮುಖ ಮರೆಯೋಳು ಎಂಥ ತಾಯಿ ನೀನು?” ಎಂದರು ಕಮಲಾಕ್ಷಮ್ಮ. ಅಂದ ಮೇಲೆ ಗಂಡನ ಕಿವಿ ನೆನಪಾಯಿತು. ತಪ್ಪಾಯಿತು ಎನ್ನುವುದು ಅವರ ಬಾಯಿಗೆ ಬಾರದ ಮಾತು. “ನಿಂತ್ಕೊಂಡೇ ಹೇಳ್ತೀಯಾ? ಕೂತ್ಕೊ. ಹಣೆ ಹೆಂಗಿತ್ತು?”

“ಸಣ್ಣಕಿತ್ತು.”

“ಎಲ್ಲರ ಮಕ್ಕಳ ಹಣೇನೂ ಸಣ್ಣಕೇ ಇರ್ತದೆ. ನೆಟ್ಟಗೆ ಹೇಳು.”

ಹೀಗೆ ಐದು ಸೋಮವಾರ ನಡೆಯಿತು. ಕಾಟಮ್ಮ ಹಿಂದಿನ ದಿನವೇ ಊರಿಂದ ನಡೆದು ಬಂದು ತಮ್ಮನ ಮನೆಯಲ್ಲಿ ತಂಗಿ, ಬೆಳಗ್ಗೆ ಬರುವಳು, ಹಲಗೆ ನೋಡುವಳು, “ಇದಲ್ಲ ಕಣ್ರವ್ವ” ಎನ್ನುವಳು. ಕಮಲಾಕ್ಷಮ್ಮ ಅವಳನ್ನೂ, ಅವಳ ನೆನಪನ್ನೂ, ತಮ್ಮ ಕೈಯನ್ನೂ ಬೈದು ಸುಣ್ಣ ಬಳಿಯುವರು. ಆದರೆ ಸೋಮವಾರ ಬಂತೆಂದರೆ ಕೋಳಿ ಕೂಗುವ ಮುಂಚೆ ಎದ್ದು ಮಣ್ಣು ಸೋಸುತ್ತಿದ್ದರು. ಮೊದಲೆಲ್ಲ ಅವರು ದಿನಾ ಗೊಣಗುತ್ತಿದ್ದ ಕೀಲುನೋವಿನ ಮಾತು ಮನೆಯಲ್ಲಿ ಯಾರ ಕಿವಿಗೂ ಬೀಳದೆ ತಿಂಗಳಾಗಿತ್ತು.

ಐದನೆಯ ಸಲ ಕಾಟಮ್ಮ ಬಹಳ ಹೊತ್ತು ನೋಡಿದಳು. ಹಲಗೆಯ ಮೇಲೊಂದು ಹುಡುಗಿ, ಎಣ್ಣೆ ಕಾಣದ ತಲೆ, ಏನೋ ಕೇಳಲು ಬಂದು ಕೇಳದೆ ನಿಂತಂತೆ.

“ಇದೂ ಅಲ್ಲ ಕಣ್ರವ್ವ” ಎಂದಳು. ಸೆರಗಿನಿಂದ ಕೈ ಒರೆಸಿಕೊಂಡು ಹಲಗೆಯ ಅಂಚನ್ನು ಮುಟ್ಟಿದಳು. “ಆದ್ರೆ ಇದ್ನ ಅಳಿಸ್ಬ್ಯಾಡಿ. ಯಾರ ಮಗೂನೋ, ಹಸ್ಕೊಂಡೈತೆ. ನಾನ್ ಮನೆಗ್ ಕರ್ಕೊಂಡೋಗ್ತೀನಿ.”

ಕಮಲಾಕ್ಷಮ್ಮ ತಮ್ಮದೊಂದು ಹಳೇ ಸೀರೆಯ ತುಂಡಿನಲ್ಲಿ ಹಲಗೆಯನ್ನು ಸುತ್ತಿ, ಬಣ್ಣ ಒರೆಸಿಹೋಗದಂತೆ ಗಂಟು ಹಾಕಿ, ಕಾಟಮ್ಮನ ತಲೆಯ ಮೇಲೆ ತಾವೇ ಎತ್ತಿಟ್ಟರು.

“ಮುಂದಿನ ಸೋಮವಾರ ಬಾ. ನಿನ್ನ ಮಗಳು ಇನ್ನೂ ಸಿಕ್ಕಿಲ್ಲ” ಎಂದರು.