ಸಭಾಧ್ಯಕ್ಷೆಯ ಒಂದು ಮತ

ದಿಲ್ಲಿಯಲ್ಲಿ ಸರಕಾರ ಬಿದ್ದ ವರ್ಷದ ಆಗಸ್ಟ್ ತಿಂಗಳು. ಮಣಿಪಾಲದ ಗುಡ್ಡದ ಮೇಲಿನ ಕಾಲೇಜೊಂದರಲ್ಲಿ ಬಿ.ಎ. ತರಗತಿಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದ ವಲೇರಿಯನ್ ಸರ್ ಒಂದು ಬೆಳಿಗ್ಗೆ ಪಾಠದ ನಡುವೆಯೇ ಪುಸ್ತಕ ಮುಚ್ಚಿಬಿಟ್ಟರು.

"ಸಂಸತ್ತು ಅಂದರೆ ಎಂತ ಅಂತ ನಾನು ಹೇಳುವುದು, ನೀವು ಬರೆದುಕೊಳ್ಳುವುದು. ಸಾಕಾಯಿತು ನನಗೆ. ಈ ಶನಿವಾರ ನೀವೇ ಲೋಕಸಭೆ."

ತರಗತಿಯೆಲ್ಲ ಒಮ್ಮೆಲೇ ಗಲಗಲ ಎಂದಿತು. ಅಲ್ಲಿದ್ದವರಲ್ಲಿ ಯಾರಿಗೂ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ನಿಜವಾದ ಚುನಾವಣೆಯಲ್ಲಿ ಮತ ಹಾಕುವ ವಯಸ್ಸೇ ಆಗದವರಿಗೆ ಏಕಾಏಕಿ ದೇಶ ಆಳುವ ಕೆಲಸ ಬಂದಿತ್ತು! ಕಾರ್ಕಳದ ಸರ್ವೋತ್ತಮ ಮಧ್ಯಾಹ್ನದೊಳಗೆ ಪ್ರಧಾನಿಯಾಗಿಬಿಟ್ಟ. ಅವನ ತಂದೆ ವಕೀಲರು, ಮಾತು ಅವನಿಗೆ ಹುಟ್ಟಿನಿಂದಲೇ ಬಂದಿತ್ತು. ಶಂಕರಪುರದ ಮಲ್ಲಿಗೆ ಕಟ್ಟುವ ಮನೆಯ ಐರಿನ್ ವಿರೋಧ ಪಕ್ಷದ ನಾಯಕಿಯಾದಳು. ಸ್ಪೀಕರ್ ಆಗಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಭಾಷಣ ಮಾಡುವ ಹಾಗಿಲ್ಲ, ಯಾರ ಪಕ್ಷವನ್ನೂ ಹಿಡಿಯುವ ಹಾಗಿಲ್ಲ, ಅಂಥ ಕುರ್ಚಿ ಯಾರಿಗೆ ಬೇಕು?

"ಖೈರುನ್ನಿಸಾ ಆಗಲಿ ಸರ್," ಎಂದ ಸರ್ವೋತ್ತಮ. "ಹೇಗೂ ಅವಳು ಮಾತಾಡುವುದಿಲ್ಲ ಅಲ್ವಾ?"

ಎಲ್ಲರೂ ನಕ್ಕರು. ಕಾಪುವಿನಿಂದ ದಿನಾ ಎರಡು ಬಸ್ಸು ಹಿಡಿದು ಬಂದು, ಹಿಂದಿನ ಬೆಂಚಿನಲ್ಲಿ ಕುಳಿತು, ಬಂದಷ್ಟೇ ಸದ್ದಿಲ್ಲದೆ ಹೋಗುತ್ತಿದ್ದ ಖೈರುನ್ನಿಸಾಳಿಗೆ ಕಿವಿ ಬಿಸಿಯಾಯಿತು. ಬೇಡ ಎನ್ನಲು ಬಾಯಿ ತೆರೆದವಳು, ಸರ್ವೋತ್ತಮನ ನಗು ಕಂಡು, "ಆಗ್ತೇನೆ ಸರ್," ಎಂದುಬಿಟ್ಟಳು.

ಆ ವಾರವಿಡೀ ಅವಳಿಗೆ ಊಟ ರುಚಿಸಲಿಲ್ಲ. ಗ್ರಂಥಾಲಯದಲ್ಲಿ ಸಂವಿಧಾನದ ದಪ್ಪ ಪುಸ್ತಕದ ಮುಂದೆ ಕುಳಿತಳು. ಸ್ಪೀಕರ್ ಎದ್ದು ನಿಂತರೆ ಉಳಿದವರೆಲ್ಲ ಕುಳಿತುಕೊಳ್ಳಬೇಕು ಎಂದು ವಲೇರಿಯನ್ ಸರ್ ಹೇಳಿದ್ದು ನೆನಪಾಗಿ, ಬಸ್ಸಿನಲ್ಲಿ ಒಬ್ಬಳೇ ನಕ್ಕಳು. ಅವಳು ಎದ್ದು ನಿಂತರೆ ಮನೆಯಲ್ಲಿ ಬೆಕ್ಕು ಕೂಡ ಕುಳಿತುಕೊಳ್ಳುತ್ತಿರಲಿಲ್ಲ.

ಶನಿವಾರ ಸಭಾಂಗಣ ಕಿಕ್ಕಿರಿದಿತ್ತು. ಬೇರೆ ತರಗತಿಯವರೂ ಬಂದು ಕಿಟಕಿಗೆ ಜೋತುಬಿದ್ದಿದ್ದರು. ಎತ್ತರದ ಕುರ್ಚಿಯಲ್ಲಿ ಖೈರುನ್ನಿಸಾ ತಲೆಯ ಮೇಲಿನ ಸೆರಗನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತ ಕುಳಿತಿದ್ದಳು. ಐರಿನ್ ಅವಿಶ್ವಾಸ ನಿರ್ಣಯ ಮಂಡಿಸಿದಳು.

"ಮಾನ್ಯ ಸಭಾಧ್ಯಕ್ಷರೇ, ಸೀಮೆಎಣ್ಣೆಗೆ ನನ್ನ ಅಮ್ಮ ಬೆಳಿಗ್ಗೆಯಿಂದ ಸಾಲಿನಲ್ಲಿ ನಿಲ್ತಾರೆ. ಸಕ್ಕರೆ ಉಂಟಾ ಅಂತ ಕೇಳಿದರೆ ಅಂಗಡಿಯವರು ನಗ್ತಾರೆ. ಈ ಸರಕಾರ ಎಲ್ಲಿ ಉಂಟು?"

ಮೇಜು ಗುದ್ದುವ ಸದ್ದು ಹೆಂಚಿನ ಮಾಡಿಗೆ ಬಡಿಯಿತು. ಸರ್ವೋತ್ತಮ ಚಂಗನೆ ಎದ್ದ.

"ಮಲ್ಲಿಗೆ ಕಟ್ಟುವ ಮನೆಯವರಿಗೆ ದೇಶದ ಆರ್ಥಿಕತೆ ಎಂತ ಗೊತ್ತುಂಟು?"

ಆಗ ಎದ್ದಿತು ಗದ್ದಲ. ಐರಿನ್‌ಳ ಕಡೆಯವರು ಮುಂದೆ ನುಗ್ಗಿದರು, ಸರಕಾರದ ಕಡೆಯವರೂ ನುಗ್ಗಿದರು. "ಕುಳಿತುಕೊಳ್ಳಿ," ಎಂದಳು ಖೈರುನ್ನಿಸಾ. ಅವಳ ದನಿ ಅವಳಿಗೇ ಕೇಳಲಿಲ್ಲ. ಇನ್ನೊಮ್ಮೆ ಹೇಳಿದಳು. ಪ್ರಯೋಜನವಾಗಲಿಲ್ಲ. ಕಡೆಗೆ ಮಾತನ್ನೇ ಬಿಟ್ಟು ಎದ್ದು ನಿಂತಳು. ನಿಂತೇ ಇದ್ದಳು. ಮುಂದಿನ ಸಾಲಿನ ಒಬ್ಬ ಅವಳನ್ನು ನೋಡಿ ಕುಳಿತ. ಅವನನ್ನು ನೋಡಿ ಪಕ್ಕದವನು ಕುಳಿತ. ಸದ್ದು ಅಲೆಯ ಹಾಗೆ ಹಿಂದೆ ಸರಿಯಿತು. ಕೊನೆಗೆ ನಿಂತಿದ್ದವನು ಪ್ರಧಾನಿ ಒಬ್ಬನೇ.

"ಪ್ರಧಾನಿಯವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು."

"ಅಲ್ಲ, ನಾನು..."

"ಹಿಂದಕ್ಕೆ ತೆಗೆದುಕೊಳ್ಳಬೇಕು."

ಸರ್ವೋತ್ತಮ ವಲೇರಿಯನ್ ಸರ್ ಕಡೆ ನೋಡಿದ. ಅವರು ಕನ್ನಡಕ ಒರೆಸುತ್ತಿದ್ದರು. "ತೆಗೆದುಕೊಂಡೆ," ಎಂದು ಅವನು ಕುಳಿತಾಗ ಕಿಟಕಿಯಲ್ಲಿದ್ದವರು ಸಿಳ್ಳೆ ಹೊಡೆದರು. ಖೈರುನ್ನಿಸಾಳ ಎದೆ ಡವಗುಟ್ಟುತ್ತಿತ್ತು. ಅದು ಹೆದರಿಕೆಯಲ್ಲ ಎಂಬುದು ಅವಳಿಗೇ ಆಶ್ಚರ್ಯ.

ಮತಕ್ಕೆ ಹಾಕುವ ಹೊತ್ತು ಬಂತು. ಸರಕಾರಕ್ಕೆ ಎರಡು ಮತಗಳ ಬಹುಮತ ಇದ್ದೇ ಇತ್ತು. ಗೆಲ್ಲುವುದು ಖಚಿತವೆಂದು ಎಲ್ಲರೂ ತಿಳಿದಿದ್ದರು. ಅಷ್ಟರಲ್ಲಿ ಆಡಳಿತ ಪಕ್ಷದ ಬೆಂಚಿನಿಂದ ಅಲೆವೂರಿನ ಅಲೆಕ್ಸಾಂಡರ್ ಎದ್ದು, ನಡುವಿನ ಜಾಗ ದಾಟಿ, ಐರಿನ್‌ಳ ಹಿಂದೆ ಹೋಗಿ ಕುಳಿತ.

"ಏ ಮಾರಾಯ, ಎಲ್ಲಿಗೆ?" ಎಂದು ಕೂಗಿದ ಸರ್ವೋತ್ತಮ.

"ನಾನು ರೈಲ್ವೆ ಖಾತೆ ಕೇಳಿದೆ, ನೀನು ಪಶುಸಂಗೋಪನೆ ಕೊಟ್ಟೆ!"

"ಉಡುಪಿಗೆ ರೈಲೇ ಇಲ್ಲವಲ್ಲ!"

"ಅದಕ್ಕೇ ಕೇಳಿದ್ದು!"

ನಗೆಯ ಅಬ್ಬರದಲ್ಲೇ ಎಣಿಕೆ ನಡೆಯಿತು. ಎರಡೂ ಕಡೆ ಹತ್ತೊಂಬತ್ತು. ನಗೆ ತಟ್ಟನೆ ನಿಂತಿತು. ಸಮ ಬಂದರೆ ಮಾತ್ರ ಸ್ಪೀಕರಿಗೆ ಮತ. ಎಲ್ಲರ ಮುಖವೂ ಎತ್ತರದ ಕುರ್ಚಿಯ ಕಡೆ ತಿರುಗಿತು.

ಐರಿನ್ ಆಗಲೇ ಗೆದ್ದವಳ ಹಾಗೆ ನಗುತ್ತಿದ್ದಳು. ಇಬ್ಬರಿಗೂ ದಿನಾ ಒಂದೇ ಬಸ್ಸು, ಒಂದೇ ಬುತ್ತಿ. ಖೈರುನ್ನಿಸಾಳ ಮತ ಇನ್ನಾರಿಗೆ? ಪ್ರಧಾನಿಯ ಮುಖ ಬಾಡಿತ್ತು. ಒಂದು ಮಾತು ಹೇಳಿದರೆ ಅವನು ಉರುಳುತ್ತಿದ್ದ. ಆ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು, ಸಿಹಿಯಾಗಿಯೂ ಇತ್ತು. ಅವಳು ಅದನ್ನು ನುಂಗಿಕೊಂಡಳು.

"ಈ ಸರಕಾರದ ಮೇಲೆ ನಂಬಿಕೆ ಇಲ್ಲ ಅಂತ ಅರ್ಧ ಸಭೆ ಹೇಳಿದೆ, ಉಂಟು ಅಂತ ಇನ್ನರ್ಧ ಹೇಳಿದೆ," ಎಂದಳು ನಿಧಾನವಾಗಿ. "ಅಂದರೆ ಸಭೆ ಇನ್ನೂ ತೀರ್ಮಾನ ಮಾಡಲಿಲ್ಲ. ಸಭೆ ಇಳಿಸದ ಸರಕಾರವನ್ನು ನಾನೊಬ್ಬಳು ಇಳಿಸಿದರೆ ಅದು ಸಭೆಯ ತೀರ್ಮಾನ ಆಗುವುದಿಲ್ಲ, ನನ್ನ ತೀರ್ಮಾನ ಆಗ್ತದೆ. ನನ್ನ ಮತ ನಿರ್ಣಯದ ವಿರುದ್ಧ. ಬೇಕಾದರೆ ಸಭೆ ಇನ್ನೊಮ್ಮೆ ಚರ್ಚೆ ಮಾಡಲಿ."

ಸರಕಾರ ಉಳಿಯಿತು. ಸರ್ವೋತ್ತಮ ಬೆಂಚಿನ ಮೇಲೆಯೇ ಹಾರಿ ನಿಂತ.

"ಪ್ರಧಾನಿಯವರು ಕೆಳಗಿಳಿಯಬೇಕು," ಎಂದಳು ಅವಳು. "ಬೆಂಚಿನಿಂದ."

ಸಭೆ ಚದುರಿದಾಗ ವಲೇರಿಯನ್ ಸರ್ ಅವಳ ಹತ್ತಿರ ಬಂದರು. "ಯಾರು ಹೇಳಿಕೊಟ್ಟದ್ದು ನಿಮಗೆ?"

"ಯಾರೂ ಇಲ್ಲ ಸರ್. ತಪ್ಪಾಯಿತಾ?"

"ದೊಡ್ಡ ದೊಡ್ಡ ಸಭೆಗಳ ಸ್ಪೀಕರುಗಳು ಎಷ್ಟೋ ಕಾಲದಿಂದ ಹೀಗೇ ನಡೆದುಕೊಂಡು ಬಂದಿದ್ದಾರೆ. ಸೋಮವಾರ ಅದನ್ನೇ ಪಾಠ ಮಾಡುವ ಅಂತ ಇದ್ದೆ." ಅವರು ನಗುತ್ತ ಕೈಚೆಲ್ಲಿದರು. "ಇನ್ನು ನಾನು ಎಂತ ಮಾಡುವುದು, ಹೇಳಿ?"

ಉಡುಪಿಯಲ್ಲಿ ಬಸ್ಸು ಹತ್ತಿದ ಮೇಲೆ ಐರಿನ್ ಮುಖ ತಿರುಗಿಸಿಕೊಂಡೇ ಕುಳಿತಳು. ಉದ್ಯಾವರದ ಸೇತುವೆ ದಾಟಿದ ಮೇಲೆ ತಡೆಯಲಾಗಲಿಲ್ಲ.

"ಸತ್ಯ ಹೇಳು. ಸರ್ವೋತ್ತಮನ ಮೇಲೆ ಮನಸ್ಸುಂಟಾ ನಿನಗೆ?"

"ಅವನ ಮುಖ ಕಂಡರೆ ಆಗುವುದಿಲ್ಲ ನನಗೆ!"

"ಮತ್ತೆ ಯಾಕೆ ಮಾರಾಯ್ತಿ?"

"ಅದಕ್ಕೇ ಹೆದರಿಕೆಯಾದದ್ದು. ಸಿಟ್ಟಿನಿಂದ ಮತ ಹಾಕಿದರೆ ಆ ಕುರ್ಚಿ ಯಾಕೆ?"

ಐರಿನ್ ಕಡೆಗೂ ಇತ್ತ ತಿರುಗಿದಳು. ಆಮೇಲೆ ಅವಳ ಮುಖ ಮೆಲ್ಲಗೆ ಬೆಳಗಿತು. "ಮಟ್ಟುವಿನ ಜಾರ್ಜ್ ಇದ್ದಾನಲ್ಲ, ಗುಳ್ಳ ಬದನೆ ಬೆಳೆಯುವ ಮನೆಯವನು. ಕೃಷಿ ಖಾತೆ ಕೊಡ್ತೇನೆ ಅಂದರೆ ನಮ್ಮ ಕಡೆಗೆ ಬಂದಾನು. ಮುಂದಿನ ವಾರ..."

"ನನ್ನ ಹತ್ತಿರ ಹೇಳಬೇಡ! ನಾನು ಸ್ಪೀಕರ್!" ಎಂದು ಖೈರುನ್ನಿಸಾ ಎರಡೂ ಕಿವಿ ಮುಚ್ಚಿಕೊಂಡಳು. ಕಟಪಾಡಿಯಲ್ಲಿ ಇಳಿಯುವವರೆಗೂ ಐರಿನ್ ನಗುತ್ತಲೇ ಇದ್ದಳು.

ಕಾಪುವಿನಲ್ಲಿ ತಂದೆ ಅಬ್ದುಲ್ ವಹಾಬರ ದಿನಸಿ ಅಂಗಡಿಯ ಮುಂದೆ ಮಳೆಗೆ ನಿಂತ ನಾಲ್ಕು ಜನರಿದ್ದರು. ರೇಡಿಯೋದಲ್ಲಿ ದಿಲ್ಲಿಯ ಸುದ್ದಿ ಬರುತ್ತಿತ್ತು. ಮೀನಿನ ವ್ಯಾಪಾರದ ಮುದುಕ ಪುತ್ತುಬ್ಬ ತಲೆ ಕೆರೆದುಕೊಂಡು ಬ್ಯಾರಿ ಭಾಷೆಯಲ್ಲಿ ಕೇಳಿದ: "ಅಲ್ಲ ವಹಾಬ್, ಈ ಸರಕಾರ ಬೀಳುವುದು ಅಂದರೆ ಯಾರು ಯಾರನ್ನು ಬೀಳಿಸುವುದು?"

ವಹಾಬರು ಉತ್ತರ ಹುಡುಕುವಷ್ಟರಲ್ಲಿ ಮಗಳು ಒದ್ದೆ ಕೊಡೆ ಮಡಚಿ ಒಳಗೆ ಬಂದಿದ್ದಳು. ಅಂಗಡಿಯಲ್ಲಿ ಗಂಡಸರಿದ್ದಾಗ ತಲೆ ತಗ್ಗಿಸಿ ಒಳಬಾಗಿಲಿಗೆ ಹೋಗುವವಳು ಇಂದು ಅಕ್ಕಿ ಮೂಟೆಯ ಮೇಲೆ ಕುಳಿತೇಬಿಟ್ಟಳು.

"ನಾನು ಹೇಳ್ತೇನೆ, ಕೇಳಿ," ಎಂದಳು.

ತಂದೆ ಅಚ್ಚರಿಯಿಂದ ಅವಳನ್ನು ನೋಡಿದರು. ಆಮೇಲೆ ಕೈಚಾಚಿ ರೇಡಿಯೋ ಆರಿಸಿದರು.