ಎರಡು ಹೆಸರಿನ ಮೇಜು

"ಬುಕಿಂಗ್ ಇದೆ ಅಂತ ಆಗ್ಲಿಂದ ಬಡ್ಕೋತಿದೀನಿ, ನಿಮ್ಮ ಕಿವಿಗೆ ಬೀಳ್ತಿಲ್ವಾ?" ಎಂದು ಒದ್ದೆ ಟೋಪಿಯ ಹೆಂಗಸು ಹೋಟೆಲಿನ ಬಾಗಿಲ ಕಟ್ಟೆಯ ಮೇಲೆ ಅಂಗೈ ಬಡಿದಾಗಲೂ ಬಾಗಿಲಕ್ಕನ ಮುಖದ ಮೇಲಿನ ನಗು ಅಳಿಸಲಿಲ್ಲ. ಬೆಳಿಗ್ಗೆ ಸಮವಸ್ತ್ರದ ಗುಂಡಿ ಹಾಕಿಕೊಳ್ಳುವಾಗಲೇ ಹಾಕಿಕೊಂಡ ನಗು ಅದು. ಸಂಜೆ ಬಸ್ಸು ಹತ್ತಿದ ಮೇಲೂ ಸ್ವಲ್ಪ ಹೊತ್ತು ಕೆನ್ನೆಯಲ್ಲಿ ನೋಯುತ್ತಿರುತ್ತಿತ್ತು.

"ಬೀಳ್ತಿದೆ ಮೇಡಂ. ಒಂದ್ನಿಮಿಷ, ಒಳಗೆ ಒಂದು ಮೇಜು ಏಳ್ತಾ ಇದೆ," ಎಂದಳು. ಯಾವ ಮೇಜೂ ಏಳುತ್ತಿರಲಿಲ್ಲ. ಹೊರಗೆ ಮಳೆ ಹಿಡಿದುಕೊಂಡಿತ್ತು. ರಾಟೆ, ತೊಟ್ಟಿಲು, ಜಾರುಬಂಡೆ, ನೀರಿನ ದೋಣಿ ಎಲ್ಲ ನಿಂತು, ಪಾರ್ಕಿನ ತುಂಬ ಚೆಲ್ಲಿಹೋಗಿದ್ದ ಜನ ಸೂರು ಕಂಡಲ್ಲಿಗೆ ನುಗ್ಗಿದ್ದರು. ಒಳಗೆ ಕುಳಿತವರಿಗೆ ಏಳುವ ಅವಸರವಿರಲಿಲ್ಲ.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಎದೆಯ ಮೇಲಿನ ಬಿಲ್ಲೆಯಲ್ಲೂ ಅದೇ ಇತ್ತು. ಆದರೆ ಈ ಹೋಟೆಲಿನ ಬಾಗಿಲಲ್ಲಿ ನಿಂತು ಬಂದವರನ್ನು ಮೇಜಿಗೆ ಕಳಿಸುತ್ತಾ ವರ್ಷಗಳು ಕಳೆದು, ಅಡಿಗೆಯವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಅವಳು ಬಾಗಿಲಕ್ಕನಾಗಿದ್ದಳು. ಹೋಟೆಲು ಪಾರ್ಕಿನ ನಟ್ಟನಡುವೆ ಇತ್ತು. ಒಂದು ಇಡೀ ಗೋಡೆ ಗಾಜು. ಗಾಜಿನ ಹಿಂದೆ ನೀರು. ನೀರಿನಲ್ಲಿ ಬಣ್ಣಬಣ್ಣದ ಮೀನುಗಳು, ನಡುವೆ ಮೊರದಷ್ಟಗಲದ ಒಂದು ಚಪ್ಪಟೆ ಮೀನು. ಅದು ಹೊಟ್ಟೆಯನ್ನು ಗಾಜಿಗೆ ಒತ್ತಿಕೊಂಡು ಮೇಲೇರಿದರೆ ಮಕ್ಕಳ ಕೈಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಎರಡು ತಿಂಗಳ ಮೊದಲೇ ಮೇಜು ಹಿಡಿಯದವರಿಗೆ ಅಲ್ಲಿ ಕೂರುವ ಯೋಗವಿರಲಿಲ್ಲ.

ಹಿಡಿಯುವವರೂ ಬುದ್ಧಿವಂತರೇ. ಒಂದೇ ದಿನ ಒಂದೇ ಹೊತ್ತಿಗೆ ಇಲ್ಲೊಂದು ಮೇಜು, ಪಾರ್ಕಿನೊಳಗೇ ಇದ್ದ ಕೋಟೆ ಹೋಟೆಲಿನಲ್ಲೊಂದು, ತೇಲುವ ಹೋಟೆಲಿನಲ್ಲೊಂದು ಹಿಡಿದಿಟ್ಟುಕೊಂಡು, ಆ ದಿನ ಮಕ್ಕಳ ಮನಸ್ಸು ಯಾವ ಕಡೆ ಓಡುತ್ತದೋ ಆ ಕಡೆ ಹೋಗಿಬಿಡುತ್ತಿದ್ದರು. ಉಳಿದ ಮೇಜುಗಳು ಬಾರದ ನೆಂಟರಿಗೆ ಹಾಸಿದ ಹಾಸಿಗೆಯ ಹಾಗೆ ಖಾಲಿ ಬಿದ್ದಿರುತ್ತಿದ್ದವು, ಬಾಗಿಲಲ್ಲಿ ಜನ ಹಸಿದು ನಿಂತಿರುತ್ತಿದ್ದರು. ಕೊನೆಗೆ ಆಫೀಸಿನವರು ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಲು ಹೊರಟರು. ಒಂದೇ ಮೇಜನ್ನು ಎರಡು ಹೆಸರಿಗೆ ಕೊಡತೊಡಗಿದರು. ಹೇಗಿದ್ದರೂ ಇಬ್ಬರಲ್ಲೊಬ್ಬರು ಬರುವುದಿಲ್ಲ ಎಂಬ ಧೈರ್ಯ. ಇಬ್ಬರೂ ಬಂದರೆ ಹೇಳಲಿಕ್ಕೆ ಮ್ಯಾನೇಜರ್ ಬಾಗಿಲಕ್ಕನಿಗೆ ಒಂದು ವಾಕ್ಯ ಕಲಿಸಿಕೊಟ್ಟಿದ್ದರು.

"ನಿಮ್ಮ ಬುಕಿಂಗ್ ಪೂರ್ತಿ ಆದ ಹಾಗೆ ಕಾಣ್ತಿಲ್ಲ. ಕೊನೇ ಬಟನ್ ಒತ್ತಿರ್ಲಿಲ್ವೇನೋ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ವಾಕ್ಯ. ಕೇಳಿದ ಕೂಡಲೇ ಗಂಡ ಹೆಂಡತಿಯ ಮುಖ ನೋಡುತ್ತಿದ್ದ, ಹೆಂಡತಿ ಗಂಡನ ಮುಖ ನೋಡುತ್ತಿದ್ದಳು. "ನಿಂಗೆ ಹೇಳಿದ್ನಲ್ಲ ನಾನು" ಎಂದು ಒಬ್ಬರು ಶುರುಮಾಡುತ್ತಿದ್ದರು. ಜಗಳವನ್ನು ಅವರೇ ಎತ್ತಿಕೊಂಡು ಬಾಗಿಲು ಬಿಟ್ಟು ಹೋಗುತ್ತಿದ್ದರು.

ಆದರೆ ಈ ಹೊತ್ತು ಅವಳ ಕಣ್ಣು ಮತ್ತೆ ಮತ್ತೆ ಸಾಲಿನ ತುದಿಗೆ ಹೋಗುತ್ತಿತ್ತು. ಅತ್ತೆ ಬರುವವರಿದ್ದರು.

ಅವಳ ಗಂಡ ಹಡಗಿನಲ್ಲಿ ಅಡಿಗೆ ಮಾಡುತ್ತಿದ್ದ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಅತ್ತೆ, ಅವಳು, ಮಗಳು. ಸೊಸೆ ಈ ಕೆಲಸಕ್ಕೆ ಸೇರಿದ ದಿನ ಅತ್ತೆ ಒಂದು ಮಾತು ಅಂದಿದ್ದರು: "ಬಾಗಿಲು ಕಾಯೋಕೆ ಒಂದು ನಾಯಿ ಸಾಕು, ಓದಿದ ಸೊಸೆ ಯಾತಕ್ಕೆ?" ಆಮೇಲೆ ಆ ಕೆಲಸದ ಸುದ್ದಿಯನ್ನೇ ಎತ್ತಿದವರಲ್ಲ. ಅಂಥವರು ಈಗ ತಾವಾಗಿಯೇ ಹೊರಟು ನಿಂತದ್ದಕ್ಕೆ ಕಾರಣ ಅತ್ತೆಯ ಅಕ್ಕ. ಅಕ್ಕತಂಗಿಯರದು ಹುಟ್ಟಿದಾಗಿನಿಂದ ನಡೆದುಬಂದ ಪೈಪೋಟಿ. ದೊಡ್ಡತ್ತೆ ನೆಂಟರಾಗಿ ಬಂದವರು, ತಮ್ಮ ಸೊಸೆ ಡಾಕ್ಟರು, ಎಂಥೆಂಥವರ ಹೃದಯ ಕೊಯ್ದು ಹೊಲಿದವಳು ಎಂದು ನಾಲ್ಕು ದಿನ ಊದಿದ್ದರು. ಐದನೆಯ ದಿನ ಅತ್ತೆಗೆ ತಡೆಯಲಾಗಲಿಲ್ಲ.

"ನಮ್ಮವಳೇನು ಕಮ್ಮಿ? ಅವಳ ಮಾತಿಲ್ದೆ ಅಲ್ಲಿ ಮಂತ್ರಿಗೂ ಮೇಜು ಸಿಗಲ್ಲ!"

ಅಜ್ಜಿ ಹೀಗೆ ಅಂದರು ಎಂದು ಮಗಳು ಬಂದು ಪಿಸುಗುಟ್ಟಿದಾಗ ಬಾಗಿಲಕ್ಕ ಪಾತ್ರೆ ಉಜ್ಜುತ್ತಿದ್ದಳು. ಮತ್ತೊಮ್ಮೆ ಹೇಳು ಎಂದಳು. ಮಗಳು ಮತ್ತೊಮ್ಮೆ ಹೇಳಿದಳು. ನಲ್ಲಿ ಹರಿಯುತ್ತಲೇ ಇತ್ತು. ದೊಡ್ಡತ್ತೆ ಬರುವುದು ಗೊತ್ತಾದಾಗಲೇ ಅವಳು ಎಲ್ಲರ ಹಾಗೆ ಫೋನಿನಲ್ಲಿ ಬಟನ್ ಒತ್ತಿ, ಅತ್ತೆಯ ಹೆಸರಿನಲ್ಲಿ, ಗಾಜಿನ ಪಕ್ಕದ ನಾಲ್ಕು ಕುರ್ಚಿಯ ಮೇಜನ್ನು ಹಿಡಿದಿಟ್ಟಿದ್ದಳು. ಕರೆಯುವ ಧೈರ್ಯ ಮಾತ್ರ ಆಗಿರಲಿಲ್ಲ. ಆ ರಾತ್ರಿ ಕರೆದಳು.

ಇವತ್ತು ಬೆಳಿಗ್ಗೆ ಕೈಯಲ್ಲಿನ ಟ್ಯಾಬ್ ತೆರೆದು ನೋಡಿದರೆ ಆ ಮೇಜಿನ ಚೌಕದಲ್ಲಿ ಅತ್ತೆಯ ಹೆಸರಿನ ಕೆಳಗೆ ಇನ್ನೊಂದು ಹೆಸರು. ಯಾರೋ ಗಂಡಸಿನದು, ಮೂವರು ಎಂದಿತ್ತು. ಬರಲಾರರು ಎಂದುಕೊಂಡಳು. ಮಳೆ ಶುರುವಾದ ಮೇಲೆ ಹಾಗೆ ಅಂದುಕೊಳ್ಳುವುದು ಕಷ್ಟವಾಯಿತು. ಯಾರೂ ಬರದೇ ಉಳಿಯುತ್ತಿರಲಿಲ್ಲ. ಟ್ಯಾಬಿನಲ್ಲಿ ಒಂದಾದ ಮೇಲೊಂದು ಮೇಜಿನ ಚೌಕ ತುಂಬಿ ಕೆಂಪಗಾಗುತ್ತಿತ್ತು. ಆ ವಾಕ್ಯವನ್ನು ಅವಳು ಆಗಲೇ ಎಷ್ಟು ಸಲ ಹೇಳಿದ್ದಳೋ, ಮಾತಿನ ರುಚಿಯೇ ನಾಲಿಗೆಗೆ ಹಳಸಿತ್ತು.

ಕೊನೆಗೆ ಗಾಜಿನ ಪಕ್ಕದ ಮೇಜು ತೆರವಾಯಿತು. ಒರೆಸಿ, ತಟ್ಟೆ ಜೋಡಿಸಿದರು. ಮಗಳ ಫೋನು ಬಂತು: "ಅಮ್ಮಾ, ಗೇಟ್ ದಾಟಿದ್ವಿ. ದೊಡ್ಡಜ್ಜಿಗೆ ಕಾಲು ನೋವಂತೆ. ಅಜ್ಜಿ ಮಾತ್ರ ಓಡ್ತಿದಾರೆ!"

ಫೋನು ಜೇಬಿಗಿಟ್ಟು ತಲೆಯೆತ್ತಿದರೆ ಎದುರಿಗೆ ಅವನು ನಿಂತಿದ್ದ.

ಗಿಡ್ಡ ಮನುಷ್ಯ, ಕನ್ನಡಕದ ಮೇಲೆಲ್ಲ ಮಳೆ ಹನಿ. ಎರಡು ಕೈಗೂ ಒಂದೊಂದು ಹೆಣ್ಣುಮಗು. ಇಬ್ಬರ ಬೈತಲೆಯೂ ಸೊಟ್ಟ. ಯಾರೋ ಅಭ್ಯಾಸವಿಲ್ಲದವರು ಬಾಚಿದ ಜಡೆಗಳು. ಬಾಗಿಲಕ್ಕನಿಗೆ ಹೆಸರು ಗೊತ್ತಿರಲಿಲ್ಲ, ಮುಖ ಗೊತ್ತಿತ್ತು. ಮೂರು ತಿಂಗಳ ಹಿಂದೆ ಇದೇ ಕಟ್ಟೆಯ ಮುಂದೆ ಇವನಿಗೆ ಆ ವಾಕ್ಯ ಹೇಳಿದ್ದಳು. ಎಲ್ಲರ ಹಾಗೆ ಅವನು ಜಗಳ ತೆಗೆದಿರಲಿಲ್ಲ. ಮಂಡಿಯೂರಿ ಮಕ್ಕಳ ಮಟ್ಟಕ್ಕೆ ಕುಳಿತು, "ತಪ್ಪು ನಂದೇ ಪುಟ್ಟಾ. ಅಪ್ಪಂಗೆ ಸರಿಯಾಗಿ ಒತ್ತೋಕೆ ಬರ್ಲಿಲ್ಲ," ಎಂದಿದ್ದ. ಎದ್ದು ಅವಳಿಗೂ, "ಸಾರಿ ಮೇಡಂ, ಸುಮ್ನೆ ನಿಮ್ಮ ಟೈಮ್ ಹಾಳು ಮಾಡ್ದೆ," ಎಂದಿದ್ದ. ಆ ಇಡೀ ವಾರ ಅವಳಿಗೆ ಮನೆಯಲ್ಲಿ ಮಗಳಿಗೆ ಜಡೆ ಹಾಕುವಾಗಲೆಲ್ಲ ಆ ಮಂಡಿ ಕಣ್ಣಿಗೆ ಕಟ್ಟುತ್ತಿತ್ತು.

"ಈ ಸಲ ನಾನು ಒತ್ಲಿಲ್ಲ ಮೇಡಂ," ಎಂದ ಅವನು, ನಗುತ್ತ. ಅಂಗಿಯೊಳಗಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ ತೆಗೆದ. "ನಮ್ಮ ಆಫೀಸಿನ ಹುಡುಗಿ ಹತ್ರ ಮಾಡ್ಸಿದೀನಿ. ಪ್ರಿಂಟೂ ತಂದಿದೀನಿ. ಫೋನ್ ಮಾಡೂ ಕೇಳ್ದೆ, ಆಗಿದೆ ಅಂದ್ರು."

ಅವಳು ಹೆಸರು ಓದಿದಳು. ಅತ್ತೆಯ ಹೆಸರಿನ ಕೆಳಗಿದ್ದದ್ದು ಅದೇ.

ಅಷ್ಟರಲ್ಲಿ ಸಾಲಿನ ಹಿಂದೆ ಗದ್ದಲವಾಯಿತು. "ಸ್ವಲ್ಪ ಜಾಗ ಬಿಡಿ, ಬಿಡಿ. ನಮ್ಮ ಸೊಸೆ ಇಲ್ಲಿರೋದು. ಅಲ್ಲಿ ನಿಂತಿದಾಳಲ್ಲ, ಅವಳೇ," ಎನ್ನುತ್ತಾ ಅತ್ತೆ ಮಡಚಿದ ಕೊಡೆಯಿಂದ ದಾರಿ ಬಿಡಿಸಿಕೊಂಡು ಬಂದರು. ಹಿಂದೆ ಮೊಮ್ಮಗಳ ಭುಜ ಹಿಡಿದು ದೊಡ್ಡತ್ತೆ. ಅತ್ತೆಯ ಮುಖದಲ್ಲಿ ಬಾಗಿಲಕ್ಕ ಹಿಂದೆಂದೂ ಕಾಣದ ಒಂದು ಕಳೆ ಇತ್ತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ಅವಳನ್ನು ನಾಲ್ಕು ಜನರ ಮುಂದೆ "ನಮ್ಮ ಸೊಸೆ" ಎಂದದ್ದು ಇದೇ ಮೊದಲು.

ಕಿವಿಯೊಳಗಿನ ಇಯರ್‌ಫೋನಿನಲ್ಲಿ ಮ್ಯಾನೇಜರ್ ಮಾತಾಡಿದರು. ಒಳಗಿನಿಂದಲೇ ಗಾಜಿನ ಬಾಗಿಲಾಚೆ ಅವರಿಗೆ ಎಲ್ಲ ಕಾಣುತ್ತಿತ್ತು. ಕೆಟ್ಟ ಮನುಷ್ಯನಲ್ಲ. "ಅವರು ನಿಮ್ಮ ಮನೆಯವರಲ್ವಾ ಬಾಗಿಲಕ್ಕ? ಕೂರ್ಸಿ, ಕೂರ್ಸಿ. ಆ ಸಾರ್‌ಗೆ ಗೊತ್ತಲ್ಲ, ಅದೇ ಮಾತು ಹೇಳಿ ಕಳಿಸಿ."

ಅತ್ತ ದರಿ, ಇತ್ತ ಪುಲಿ. ಆದರೂ ಆ ವಾಕ್ಯವನ್ನೇ ಹೇಳುವುದೆಂದು ಅವಳು ನಿರ್ಧರಿಸಿಯಾಗಿತ್ತು. ಸಾವಿರ ಸಲ ಹೇಳಿದ ಮಾತಿಗೆ ಇನ್ನೊಂದು ಸಲ ಏನು ಭಾರ? ನಗು ಸರಿಮಾಡಿಕೊಂಡು ಅವನತ್ತ ತಿರುಗಿದಳು.

"ನಿಮ್ಮ ಬುಕಿಂಗ್ ಸರ್..."

"ಪೂರ್ತಿ ಆಗಿಲ್ವಾ?" ಎಂದ ಅವನು. ಕಾಗದ ಹಿಡಿದ ಕೈ ಕೆಳಗಿಳಿಯಿತು. ಮಕ್ಕಳಿಬ್ಬರೂ ಬಾಗಿಲಕ್ಕನನ್ನು ನೋಡಲಿಲ್ಲ. ಅಪ್ಪನನ್ನು ನೋಡಿದರು. ಚಿಕ್ಕವಳು ದೊಡ್ಡವರ ಹಾಗೆ ಅವನ ಅಂಗಿಯ ತುದಿ ಹಿಡಿದು, "ಹೋಗ್ಲಿ ಬಿಡಪ್ಪಾ," ಎಂದಳು.

"ಆಗಿದೆ," ಎಂದಳು ಬಾಗಿಲಕ್ಕ. ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. "ಹೋದ ಸಲಾನೂ ಆಗಿತ್ತು."

ಅವನಿಗೆ ಅರ್ಥವಾಗಲಿಲ್ಲ. "ಹೋದ ಸಲ ನಾನೇ ಏನೋ..."

"ಇಲ್ಲ ಸರ್. ನೀವು ಸರಿಯಾಗೇ ಒತ್ತಿದ್ರಿ. ನಾವೇ ಒಂದು ಮೇಜನ್ನ ಇಬ್ಬರಿಗೆ ಕೊಟ್ಟಿದ್ವಿ. ನಿಮ್ಮದು ಏನೂ ತಪ್ಪಿರ್ಲಿಲ್ಲ."

ಸಾಲಿನಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. "ಹಾಗಾದ್ರೆ ನಮ್ದು? ನಮಗೂ ಅದನ್ನೇ ಹೇಳೋರಿದ್ರಾ?" ಎಂದು ಒದ್ದೆ ಟೋಪಿಯ ಹೆಂಗಸು ಕೂಗಿದಳು. ಇಯರ್‌ಫೋನಿನಲ್ಲಿ ಮ್ಯಾನೇಜರ್, "ಏನ್ಮಾಡ್ತಿದೀರಾ? ಏನ್ರೀ ಮಾಡ್ತಿದೀರಾ?" ಎನ್ನುತ್ತಿದ್ದರು.

ಅವನು ಕೃತಜ್ಞತೆ ಹೇಳುತ್ತಾನೆಂದು ಅವಳು ಎಣಿಸಿದ್ದಳೋ ಏನೋ. ಅವನು ಹೇಳಲಿಲ್ಲ. ಕನ್ನಡಕ ತೆಗೆದ, ಮುಖ ಕಿವಿಯವರೆಗೆ ಕೆಂಪಗಾಗಿತ್ತು. "ಮಕ್ಕಳ ಮುಂದೆ ನಾನು..." ಎಂದವನು ಕನ್ನಡಕವನ್ನು ಅಂಗಿಯ ತುದಿಗೆ ಒರೆಸಿದ. "ದಾರಿಯುದ್ದಕ್ಕೂ ಅತ್ಕೊಂಡು ಬಂದ್ರು ಮೇಡಂ ಅವತ್ತು. ನನ್ನ ಹತ್ರ ಮೂರು ದಿನ ಮಾತಾಡ್ಲಿಲ್ಲ ದೊಡ್ಡೋಳು."

"ಒಳಗೆ ಹೋಗಿ ಸರ್. ಗಾಜಿನ ಪಕ್ಕದ್ದು," ಎಂದಳು ಅವಳು.

ಅವನು ಅವಳತ್ತ ನೋಡದೆ ಮಕ್ಕಳನ್ನು ಕರೆದುಕೊಂಡು ಒಳಗೆ ಹೋದ. ಕಟ್ಟೆಯ ಮುಂದೆ ಈಗ ಅತ್ತೆ ನಿಂತಿದ್ದರು.

"ನಮ್ಮ ಮೇಜು ಯಾವುದಮ್ಮ?"

"ಅದೇ ಅತ್ತೆ. ಈಗ ಅವರಿಗೆ ಕೊಟ್ಟಿದ್ದು."

"ಹಾಗಂದ್ರೆ?"

"ಒಂದೇ ಮೇಜಿಗೆ ನಿಮ್ಮ ಹೆಸರೂ ಇತ್ತು, ಅವರ ಹೆಸರೂ ಇತ್ತು. ಬೇರೆ ಯಾವುದೂ ಖಾಲಿ ಇಲ್ಲ ಅತ್ತೆ. ಸಂಜೆವರೆಗೂ ಇಲ್ಲ."

ಗಾಜಿನ ಬಾಗಿಲಾಚೆ ಆ ಚಪ್ಪಟೆ ಮೀನು ಮೇಲೇರುತ್ತಿತ್ತು. ಇಬ್ಬರು ಮಕ್ಕಳು ಕುರ್ಚಿಯ ಮೇಲೆ ನಿಂತು ಗಾಜಿಗೆ ಅಂಗೈ ಒತ್ತಿದ್ದರು. ಅತ್ತೆ ಅದನ್ನೇ ನೋಡುತ್ತ ನಿಂತರು. ಆಗ ದೊಡ್ಡತ್ತೆ ಸಾವಕಾಶವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಮಂತ್ರಿಗೂ ಸಿಗಲ್ಲ ಅಂದಿದ್ದೆ ಸರಿ. ಅತ್ತೆಗೂ ಸಿಗಲ್ಲ ಅಂತ ನೀನು ಹೇಳೇ ಇರ್ಲಿಲ್ವಲ್ಲೇ ತಂಗಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತೆಯ ಮುಖದ ಕಳೆ, ದೀಪಕ್ಕೆ ಗಾಳಿ ಬಡಿದ ಹಾಗೆ, ಹೋಯಿತು. ಅವರು ಸೊಸೆಯ ಮುಖವನ್ನೊಮ್ಮೆ ನೋಡಿದರು. ಬೈಗುಳ ಬಂದಿದ್ದರೆ ಬಾಗಿಲಕ್ಕನಿಗೆ ಹಗುರವಾಗುತ್ತಿತ್ತು. "ನಡೀರಿ," ಎಂದಷ್ಟೇ ಅಂದು, ಮಡಚಿದ ಕೊಡೆಯನ್ನು ಬಿಚ್ಚದೆಯೇ ಅತ್ತೆ ಮಳೆಗಿಳಿದರು. ಮಗಳು ಎರಡು ಸಲ ತಿರುಗಿ ನೋಡಿದಳು.

ಮ್ಯಾನೇಜರ್ ಹೊರಗೆ ಬಂದರು. ಸಾಲು ಆಗಲೇ ಕಟ್ಟೆಯ ಮೇಲೆ ಬಾಗಿತ್ತು. ಅವರು ಅವಳ ಕೈಯಿಂದ ಟ್ಯಾಬ್ ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡರು.

"ನನಗೂ ಇಷ್ಟ ಇಲ್ಲ ಕಣ್ರಿ ಅದು," ಎಂದರು ತಗ್ಗಿದ ದನಿಯಲ್ಲಿ. "ಆದ್ರೆ ಹೀಗಾ? ಇಷ್ಟು ಜನರ ಮುಂದೆ? ನಾಳೆ ಮೇಲಿನವರು ನನ್ನ ಕೇಳ್ತಾರೆ, ನಿಮ್ಮನ್ನಲ್ಲ." ಟ್ಯಾಬನ್ನು ಕಂಕುಳಲ್ಲಿ ಇರುಕಿಕೊಂಡು, "ಹೋಗಿ, ಊಟ ಮುಗಿಸ್ಕೊಂಡು ಬನ್ನಿ. ಆಮೇಲೆ ಆಫೀಸಲ್ಲಿ ಕೂತು ಮಾತಾಡೋಣ," ಎಂದರು. ಬಾಗಿಲಿಗೆ ವಾಪಸು ಬನ್ನಿ ಎನ್ನಲಿಲ್ಲ. ಒದ್ದೆ ಟೋಪಿಯ ಹೆಂಗಸು ಅವರ ತೋಳು ಹಿಡಿದುಕೊಂಡಿದ್ದಳು.

ಬಾಗಿಲಕ್ಕ ಇಯರ್‌ಫೋನ್ ಕಿತ್ತು ಕಟ್ಟೆಯ ಮೇಲಿಟ್ಟು ಹೊರಬಿದ್ದಳು. ಮಗಳಿಗೆ ಫೋನು ಮಾಡಿದಳು, ಎತ್ತಲಿಲ್ಲ. ಗೇಟಿನ ಕಡೆ ಓಡಿದಳು, ಮನೆಗೆ ಹೊರಟಿರಬಹುದು. ಅಲ್ಲಿರಲಿಲ್ಲ. ನಿಂತ ತೊಟ್ಟಿಲುಗಳ ಕೆಳಗೆ, ಟಿಕೆಟಿನ ಗೂಡುಗಳ ಹಿಂದೆ, ಶೌಚಾಲಯದ ಮುಂದೆ ಹುಡುಕಿದಳು. ಸಿಕ್ಕರೆ ಏನು ಹೇಳುವುದು? ನಿಮ್ಮ ಮರ್ಯಾದೆಗಿಂತ ಗುರುತಿಲ್ಲದವನ ಮರ್ಯಾದೆ ಹೆಚ್ಚಾಯಿತು ಎಂದೇ? ಬೂಟಿನೊಳಗೆ ನೀರು ಪಚಪಚ ಎನ್ನುತ್ತಿತ್ತು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಯೋಚಿಸಲಿಕ್ಕೂ ನಿಲ್ಲದೆ, ಒಂದು ಸೂರಿನಿಂದ ಇನ್ನೊಂದು ಸೂರಿಗೆ ಅವಳು ಓಡುತ್ತಲೇ ಇದ್ದಳು.

ರಾಟೆಯ ಆಚೆ ತಗಡಿನ ಚಪ್ಪರ ಹಾಕಿದ ಒಂದು ತಿಂಡಿ ಕಟ್ಟೆ ಇತ್ತು. ಅಲ್ಲಿ ಮುಂಗಡ ಗಿಂಗಡ ಏನಿಲ್ಲ; ಸಿಕ್ಕವರಿಗೆ ಸೀರುಂಡೆ. ತಟ್ಟೆ ಹಿಡಿದ ಜನ ಕುರ್ಚಿಗಾಗಿ ಸುತ್ತುತ್ತಿದ್ದರು, ಅರ್ಧಕ್ಕರ್ಧ ನಿಂತೇ ತಿನ್ನುತ್ತಿದ್ದರು. ಮೂಲೆಯ ದುಂಡು ಮೇಜಿನಲ್ಲಿ ಮಗಳ ಬೆನ್ನು ಕಂಡಿತು. ಅವಳ ಪಕ್ಕ ದೊಡ್ಡತ್ತೆ ಕಾಲು ಚಾಚಿಕೊಂಡು ಕುಳಿತು ಬ್ರೆಡ್ಡು ಮುರಿಯುತ್ತಿದ್ದರು. ಎದುರಿಗೆ ಅತ್ತೆ, ಒದ್ದೆ ಕೂದಲು ಹಣೆಗಂಟಿಕೊಂಡು. ಅವರ ಬಗಲಿಗೆ ಇನ್ನೊಂದು ಕುರ್ಚಿ ಖಾಲಿ, ಅದರ ಮುಂದೆ ಯಾರೂ ಮುಟ್ಟದ ನಾಲ್ಕನೆಯ ತಟ್ಟೆ.

ಬಾಗಿಲಕ್ಕ ಸೂರಿನ ಅಂಚಿನಲ್ಲೇ ನಿಂತಳು. ಒಬ್ಬ ತಟ್ಟೆ ಹಿಡಿದುಕೊಂಡು ಬಂದು ಆ ಕುರ್ಚಿಯ ಬೆನ್ನಿಗೆ ಕೈ ಹಾಕಿದ. ಅತ್ತೆ ತಲೆಯೆತ್ತಿ ಏನೋ ಹೇಳಿದರು. ತಗಡಿನ ಮೇಲೆ ಬೀಳುವ ಮಳೆಯಲ್ಲಿ ಮಾತು ಕೇಳಲಿಲ್ಲ. ಅವನು ಕೈ ತೆಗೆದು ಮುಂದೆ ಹೋದ. ಇನ್ನೊಬ್ಬಳು ಬಂದು ಕುರ್ಚಿಯನ್ನು ಎಳೆದೇಬಿಟ್ಟಳು. ಅತ್ತೆ ಅದರ ಕೈ ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ದೊಡ್ಡತ್ತೆ ನಗುತ್ತ ಏನೋ ಅಂದರು. ಅತ್ತೆ ಅತ್ತ ತಿರುಗಲೂ ಇಲ್ಲ.

ತಗಡಿನ ಸಂದಿನಿಂದ ಆ ಕುರ್ಚಿಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆ ಅದನ್ನು ಇನ್ನೊಂದಿಷ್ಟು ಒಳಗೆ ಸರಿಸಿ, ಕರವಸ್ತ್ರ ತೆಗೆದು, ಕೂರುವ ಜಾಗವನ್ನು ಒರೆಸತೊಡಗಿದರು.